ನಾಗಪ್ಪನ ಹೆಡೆಯಲ್ಲ, ಮೀನಿನ ಹಲ್ಲು

ಮೊಮ್ಮಕ್ಕಳೇ, ನಿಮ್ಮ ಅಜ್ಜ ಬೋರ್‌ವೆಲ್ ಲಾರಿಯ ಕೂಲಿಗೆ ತೆಲಂಗಾಣದ ಗೋದಾವರಿ ಕಡೆ ಹೋಗಿದ್ದಾಗ ಕೆಂಪು ಮಣ್ಣಿನಲ್ಲಿ ಒಂದು ಕಲ್ಲು ಸಿಕ್ಕಿತ್ತು. ಅಂಗೈಗಿಂತ ಚಿಕ್ಕದು, ಬೀಸಣಿಗೆಯಂತೆ ಹರಡಿದ ಐದು ಏಣು, ಮೇಲೆಲ್ಲ ನುಣುಪು. ದೇವದುರ್ಗದ ನಮ್ಮ ಮನೆಗೆ ತಂದು ನನ್ನ ಕೈಗಿಟ್ಟಿದ್ದರು.

ಅವರು ತೀರಿಕೊಂಡ ಮೇಲೆ ಅವರ ಅಣ್ಣ, ಮಾನ್ವಿಯ ನನ್ನ ಭಾವ, ಅದನ್ನು ಐದು ಹೆಡೆಯ ನಾಗಪ್ಪ ಎಂದು ಒಯ್ದು ತಮ್ಮ ದೇವರ ಜಗಲಿಯ ಮೇಲಿಟ್ಟುಕೊಂಡರು. ನಾನು ಕೇಳಿದರೆ, "ಗಂಡ ಸತ್ತಾಕಿ ದೇವರನ್ನ ಮುಟ್ಟಬಾರದು" ಎಂದರು. ತಲೆ ತಗ್ಗಿಸಿ ಬಂದೆ. ಆ ಮಾತನ್ನು ಮಾತ್ರ ಮರೆಯಲಿಲ್ಲ.

ನಿಮ್ಮ ಅವ್ವ ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳಲ್ಲ, ಅವಳು ಮಾನ್ವಿಗೆ ಹೋದಾಗ ಮೊಬೈಲಿನಲ್ಲಿ ಅದರ ಫೋಟೊ ತೆಗೆದಳು. ಆಸ್ಟ್ರೇಲಿಯಾದಲ್ಲಿ ಈಗಲೂ ಬದುಕಿರುವ, ಶ್ವಾಸಕೋಶದಿಂದಲೂ ಉಸಿರಾಡುವ ಮೀನಿನ ದವಡೆಯ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದಳು.

"ಯವ್ವಾ, ಇದು ಕಲ್ಲಾದ ಹಲ್ಲು. ಮರಿ ಇದ್ದಾಗ ಬಿಡಿಬಿಡಿಯಾಗಿ ಹುಟ್ಟಿದ ಹಲ್ಲು ಬೆಳೀತಾ ಕೂಡಿ ಇಂಥ ಹಲಗಿ ಆಗ್ತಾವ. ಅಂಗುಳದಾಗ ಎರಡು, ಕೆಳದವಡ್ಯಾಗ ಎರಡು. ಬಸವನಹುಳ ಅಗಿಯಾಕ."

"ಎರಡೂ ಒಂದs ಮೀನೇನು?"

"ಹಲ್ಲು ಬಾಳ ಹೋಲ್ತಾವ. ಆಸ್ಟ್ರೇಲಿಯಾದ್ದಕ್ಕ ಶ್ವಾಸಕೋಶ ಒಂದs, ರೆಕ್ಕಿ ದೋಣಿ ಹುಟ್ಟಿನಂಗ. ಆಫ್ರಿಕಾದಾಗೂ ಇಂಥ ಮೀನದ, ಅದಕ್ಕ ಎರಡು, ರೆಕ್ಕಿ ದಾರದಂಗ. ನಮ್ಮ ಕಲ್ಲಿಂದು ಹೆಂಗಿತ್ತೋ! ಮೆತ್ತಗಿನದು ಕೊಳತು ಹೋಗ್ಯದ, ಹಲ್ಲಷ್ಟs ಉಳದದ."

"ಮೀನಂತೂ ಖರೇನ?"

"ಖರೇನ."

ಭಾವನ ಮನೆಯ ಹೊಸ್ತಿಲನ್ನು ಮೀನು ಮಾಂಸವಿರಲಿ, ತತ್ತಿ ಕೂಡ ದಾಟುವಂತಿಲ್ಲ. ನನಗೆ ಆ ದಿನ ಊಟ ರುಚಿಸಿತು.

ನಾಗರ ಪಂಚಮಿಗೆ ನಾನೂ ನಿಮ್ಮ ಅವ್ವನೂ ಮಾನ್ವಿಗೆ ಹೋದೆವು. ಓಣಿಯವರೆಲ್ಲ ನೆರೆದಿದ್ದರು. ಭಾವ ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆಯುತ್ತ, "ಅಪ್ಪನ ಪಾಲು, ಅವ್ವನ ಪಾಲು" ಎಂದು, ನಿಮ್ಮ ಅಜ್ಜನ ಸರದಿ ಬಂದಾಗ "ತಮ್ಮನ ಪಾಲು" ಎಂದರು. ಅವರೆದುರು ಎಂದೂ ಬಾಯಿ ತೆರೆಯದ ನಾನು ಬಾಗಿಲ ಹಿಂದಿನಿಂದ ಮುಂದೆ ಬಂದೆ.

"ಭಾವಾರ, ನೀವು ಹಾಲೆರಿಯಾಕತ್ತಿದ್ದು ಮೀನಿನ ಹಲ್ಲಿಗಿ ರೀ."

"ಏನಂದಿ?"

"ಮೀನು ರೀ. ಇಷ್ಟು ವರ್ಷ ನಿಮ್ಮ ಜಗಲಿ ಮ್ಯಾಲ ಕುಂತದ."

ನಿಮ್ಮ ಅವ್ವ ಎರಡೂ ಚಿತ್ರಗಳನ್ನು ಎಲ್ಲರಿಗೂ ತೋರಿಸಿದಳು. ಪಕ್ಕದ ಮನೆಯ ಮುದುಕಿ ತಡೆಯಲಾರದೆ, "ಅಯ್ಯ, ಹಾಲ್ಯಾಕ ರೀ ಯಪ್ಪಾ, ಒಂದೀಟು ಮಸಾಲಿ ಹಚ್ರಿ!" ಎಂದಳು. ಓಣಿಯೇ ನಕ್ಕಿತು. ಭಾವನ ಮುಖ ಕಪ್ಪಿಟ್ಟಿತು. ಬರಿಗೈಯಲ್ಲಿ ಮುಟ್ಟಲು ಹೇಸಿ, ಅರಿವೆಯಲ್ಲಿ ಹಿಡಿದು ಕಲ್ಲನ್ನು ನನ್ನ ಕಾಲಬುಡಕ್ಕೆ ಎಸೆದರು.

"ತಗೊಂಡು ಹೋಗು."

ನನಗೆ ಬೇಕಾಗಿದ್ದೂ ಅದೇ. ಅವರ ನಲ್ಲಿಯಲ್ಲೇ, ಅವರು ನೋಡುತ್ತಿರುವಂತೆಯೇ, ಅರಿಶಿನ ಕುಂಕುಮವೆಲ್ಲ ಹೋಗುವಂತೆ ನಿಧಾನವಾಗಿ ತೊಳೆದೆ. ಅವಸರವೇನಿತ್ತು?

ದೇವರನ್ನು ಕದ್ದೊಯ್ದವಳು ಎಂದು ಆ ಮನೆಯವರು ಈಗಲೂ ನನ್ನನ್ನು ಆಡಿಕೊಳ್ಳುತ್ತಾರಂತೆ. ಅದಕ್ಕೇ ಇದನ್ನೆಲ್ಲ ಬರೆದಿಟ್ಟಿದ್ದೇನೆ; ಈ ಹಾಳೆಗಳಿಗೆ ಗೆದ್ದಲು ಹತ್ತದಂತೆ ಜೋಪಾನ ಮಾಡಿ. ನಾನಿಲ್ಲದಾಗ ಯಾರಾದರೂ ಹಾಗೆಂದರೆ ಅವರೆದುರೇ ಗಟ್ಟಿಯಾಗಿ ಓದಿ.