ಬಿಡಲೊಲ್ಲದ ಬ್ರೇಕು

ಆಗ ಎಣ್ಣೆ ಒತ್ತಡದ ಡಿಸ್ಕ್ ಬ್ರೇಕಿನ ಸೈಕಲ್ಲು ನಮ್ಮ ಕಡೆ ಅಪರೂಪ. ಅಂಥದೊಂದನ್ನು ಹತ್ತಿ ಚಿಂಚೋಳಿಯಿಂದ ಚಿಮ್ಮನಚೋಡಕ್ಕೆ ಹೊರಟಿದ್ದೆ. ಒಂದು ಸಲ ಹಿಡಿದ ಮುಂದಿನ ಬ್ರೇಕು ಮತ್ತೆ ಬಿಡಲೊಲ್ಲದು. ಸೈಕಲ್ಲನ್ನು ಎಳೆದುಕೊಂಡೇ ರಸ್ತೆ ಬದಿಯ ಬೈಕ್ ರಿಪೇರಿ ಅಂಗಡಿಗೆ ಬಂದೆ.

ಅಂಗಡಿಯ ಮಿಸ್ತ್ರಿ ಹಣಮಂತಪ್ಪ ವಯಸ್ಸಾದವರು. "ಸೈಕಲ್ಲಿಗೆ ಇಂಥಾ ಬ್ರೇಕ್ ನಾ ನೋಡೇ ಇಲ್ರಿ. ಕುಂದ್ರಿ," ಎಂದು ಬಿಚ್ಚಿದರು. ಬ್ರೇಕನ್ನು ಒತ್ತುವ ಪಿಸ್ಟನ್ನಿನ ಸುತ್ತ ಧೂಳು ಗಟ್ಟಿಯಾಗಿ ಕೂತಿತ್ತು. ಬಟ್ಟೆಯಿಂದ ಒರೆಸಿ ಒರೆಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದರು.

"ಬೈಕಿನ ಬ್ರೇಕ್ ಎಣ್ಣೆ ಸ್ವಲ್ಪ ಹಾಕ್ರಿ," ಎಂದೆ.

"ಒಳಗ ಯಾವ ಎಣ್ಣಿ ಅದ ಅಂತ ಗೊತ್ತಿಲ್ದೆ ಹಾಕಂಗಿಲ್ರಿ. ಜೀವ ನಿಮ್ದು."

ಕೊನೆಗೆ ಚಕ್ರ ಸಲೀಸಾಗಿ ತಿರುಗಿತು. ಪರೀಕ್ಷೆಗೆಂದು ತಾವೇ ಹತ್ತಿ ಒಂದು ಸುತ್ತು ಹೊಡೆದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಂದೆ ಗಕ್ಕನೆ ನಿಲ್ಲಿಸಿದರು. ಆಕೆ ಬಾಯಿಗೆ ಸೆರಗಿಟ್ಟು ನಕ್ಕರು.

"ಲಗ್ನಕ್ಕ ಮೊದ್ಲ ಇವರ ಸೈಕಲ್ಲಿಗೆ ಬ್ರೇಕೇ ಹತ್ತತಿರ್ಲಿಲ್ರಿ. ದಿನಾ ಬಂದು ನಮ್ಮ ಮನಿ ಗ್ವಾಡಿಗೆ ಹಾಯ್ತಿದ್ರು. ನಾನೇ ನೀರು ಕೊಟ್ಟು ಕಳಸ್ತಿದ್ದೆ."

ಆಕೆ ನನಗೆ ಚಹಾ ತರಲು ಒಳಗೆ ಹೋದಾಗ ಹಣಮಂತಪ್ಪ ನನ್ನ ಕಿವಿಗೆ ಬಾಗಿದರು.

"ಆ ಸೈಕಲ್ಲಿನ ಬ್ರೇಕ್ ಭಾಳ ಛಲೋ ಇದ್ವುರಿ. ಅಕಿಗಿ ಹೇಳಬ್ಯಾಡ್ರಿ."

ನಾನು ಹೇಳಲಿಲ್ಲ. ಆದರೆ ಆ ನಗು ನೋಡಿದ ಮೇಲೆ, ಆಕೆಗೆ ಗೊತ್ತಿರಲಿಲ್ಲ ಎಂದು ನನಗಂತೂ ಅನಿಸಲಿಲ್ಲ.