ದಾಕ್ಷಿಣ್ಯ ಮಾಡ್ಕೋಬೇಡಿ, ಕಣ್ಣು ನಿಮ್ಮದು

ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತ ಬಂದವನಿಗೆ ಬೀದಿಯವರು ಇಟ್ಟ ಹೆಸರು 'ಇದಾ-ಅದಾ ಮಾವ'. ಗಿರಾಕಿಯ ಮೂಗಿನ ಮೇಲೆ ಭಾರವಾದ ದುಂಡು ಫ್ರೇಮು ಕೂರಿಸಿ, ಮರದ ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಅದಕ್ಕೆ ಸಿಕ್ಕಿಸಿ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಕೇಳುವುದೇ ಅವನ ಕಸುಬು. ದಿನಕ್ಕೆ ನೂರು ಸಲ ಕೇಳಿದರೂ ಅವನ ದನಿಯಲ್ಲಿ ಬೇಸರ ಇಣುಕಿದ್ದಿಲ್ಲ.

ಅವನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಜಾತಿಯ ಗಿರಾಕಿಗಳ ಮೇಲೆ. ಪಾಪ, ಇಷ್ಟು ಹೊತ್ತು ಒದ್ದಾಡುತ್ತಿದ್ದಾನಲ್ಲ ಎಂದು ಮರುಕಪಟ್ಟು, ಐದನೇ ಗಾಜಿಗೇ "ಎರಡೂ ಒಂದೇ ಥರ ಇದೆ ಬಿಡಿ" ಎನ್ನುವವರು. ಇಂಥವರು ವಾರ ಕಳೆಯುವುದರೊಳಗೆ ತಲೆನೋವು ಎಂದು ಹಣೆ ಹಿಡಿದುಕೊಂಡು ವಾಪಸು ಬರುತ್ತಾರೆ. ಹಾಗಾಗಿ ಮಾವ ಮೊದಲೇ ಎಚ್ಚರಿಸುತ್ತಿದ್ದ: "ದಾಕ್ಷಿಣ್ಯ ಮಾಡ್ಕೋಬೇಡಿ, ಕಣ್ಣು ನಿಮ್ಮದು. ನೀವು ಬಾಯಿಬಿಟ್ಟು ಹೇಳದಿದ್ರೆ ನನಗೆ ಹೇಗೆ ಗೊತ್ತಾಗಬೇಕು?"

ಇಷ್ಟೆಲ್ಲ ಬುದ್ಧಿ ಹೇಳುವ ಈ ಮಹಾಶಯ ಮನೆಗೆ ಹೋದನೆಂದರೆ ಹೆಂಡತಿಯ ಮುಂದೆ ಬಾಯಿಗೆ ಬೀಗ. ಪರದೆ ನೀಲಿಯದು ತರೋಣವೇ, ಹಸಿರೇ? ಯಾವುದಾದ್ರೂ ಸರಿ. ರಜೆಯಲ್ಲಿ ಅಕ್ಕನ ಮನೆಗೋ, ತಂಗಿಯ ಮನೆಗೋ? ನಿನ್ನಿಷ್ಟ. ಹೂಂ ಇಲ್ಲ, ಉಹೂಂ ಇಲ್ಲ. ಅದಕ್ಕೆ ಕಾರಣವೂ ಇತ್ತು. ಅವನ ಅಪ್ಪ, ಮನೆಯ ಕಿಟಕಿ ತೆರೆಯುವುದಕ್ಕೂ ತನ್ನ ಅಪ್ಪಣೆ ಬೇಕು ಎನ್ನುತ್ತಿದ್ದ ಮನುಷ್ಯ. ಅಮ್ಮ ಸೆಕೆಯಲ್ಲಿ ಬೇಯುತ್ತ ಕೂತದ್ದನ್ನು ನೋಡಿ ಬೆಳೆದವನು, ತನ್ನ ಹೆಂಡತಿಗೆ ಎಂದೂ ಹೀಗೆ ಮಾಡು, ಹಾಗೆ ಮಾಡು ಎನ್ನಬಾರದೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದ. ತೀರ್ಮಾನ ಒಳ್ಳೆಯದೇ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಹೆಂಡತಿ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೊಂದು ಕಾಗದ ಬಂತು. ಸಮುದ್ರದ ದಂಡೆಯ ಊರಿನ ಶಾಲೆಯೊಂದು ಕೆಲಸಕ್ಕೆ ಕರೆದಿತ್ತು. ಇರಲು ಎರಡು ಕೋಣೆಯ ಮನೆ, ಅಡುಗೆಮನೆ ಕಿಟಕಿಯಿಂದಲೇ ನೀರು ಕಾಣುತ್ತದೆ ಎಂದು ಬರೆದಿದ್ದರು. ಅವಳು ಮೂರು ಸಲ ಕೇಳಿದಳು. ಅವನು ಗಡ್ಡ ಹೆರೆಯುವಾಗ ಒಮ್ಮೆ, ಬೂಟಿನ ದಾರ ಕಟ್ಟುವಾಗ ಒಮ್ಮೆ, ಬಸ್ ಸ್ಟಾಪಿನಲ್ಲಿ ಕೈ ಹಿಡಿದು ನಿಲ್ಲಿಸಿ ಒಮ್ಮೆ. "ಹೋಗೋಣ್ವೇನ್ರೀ?"

ಅವನಿಗೋ, ಹೋಗುವ ಆಸೆ ಹೊಟ್ಟೆಯಲ್ಲಿ ಹಿಡಿಸದಷ್ಟಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ನಕಾಶೆ ಬಿಡಿಸಿ ಆ ಊರನ್ನು ಬೆರಳಿಟ್ಟು ಹುಡುಕಿದ್ದ. ಬಂದರಿನ ಹತ್ತಿರ ಕನ್ನಡಕದ ಅಂಗಡಿ ಒಂದೂ ಇಲ್ಲವೆಂದು ಯಾರನ್ನೋ ವಿಚಾರಿಸಿಯೂ ಇಟ್ಟುಕೊಂಡಿದ್ದ. ಆದರೆ ತಾನು ಹೂಂ ಅಂದರೆ ಇವಳು ತನಗಾಗಿ ಹೊರಟುಬಿಟ್ಟಾಳು, ಅದು ಬೇಡ, ಅವಳೇ ಹೇಳಲಿ ಎಂದುಕೊಂಡು ಮೂರು ಸಲವೂ ಒಂದೇ ಉತ್ತರ ಕೊಟ್ಟ. "ನಿನ್ನಿಷ್ಟ."

ನಾಲ್ಕನೇ ದಿನ ಅವಳು ಬರುವುದಿಲ್ಲವೆಂದು ಶಾಲೆಗೆ ಬರೆದು ಹಾಕಿದಳು. ಇವಳಿಗೆ ಮನಸ್ಸಿರಲಿಲ್ಲವೇನೋ ಎಂದು ಅವನು ಆಸೆಯನ್ನು ನುಂಗಿಕೊಂಡ. ತನ್ನ ಮನೆಯಲ್ಲಿ ಎಷ್ಟು ಸ್ವಾತಂತ್ರ್ಯವಿದೆ ನೋಡು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಆ ನಕಾಶೆಯ ವಿಷಯ ಮಾತ್ರ ಇವತ್ತಿನವರೆಗೆ ಅವಳ ಮುಂದೆ ಎತ್ತಲಿಲ್ಲ.

ಈ ಸೋಮವಾರ ಅವಳು ಅಂಗಡಿಗೆ ಬಂದಳು. ಕೆಲಸದಿಂದ ನಿವೃತ್ತಳಾಗಿ ಎರಡು ತಿಂಗಳಾಗಿತ್ತು, ಪೇಪರಿನ ಅಕ್ಷರ ಮಸುಕಾಗುತ್ತಿತ್ತು. ಮಾವ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಫ್ರೇಮು ಹಾಕಿದ. ಮದುವೆಯಾದ ಹೊಸತರಲ್ಲಿ ಈ ಹಳದಿ ಬೇರೆ, ಆ ಹಳದಿ ಬೇರೆ ಎಂದು ಗಂಟೆಗಟ್ಟಲೆ ಜಗಳವಾಡುತ್ತಿದ್ದ ಹೆಂಗಸು ಅವಳು.

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?"

"ಎರಡೂ ಒಂದೇ."

ಗಾಜು ಬದಲಿಸಿದ. "ಈಗ?"

"ಯಾವುದಾದ್ರೂ ಸರಿ ಬಿಡಿ."

ರೂಢಿಬಲ, ಅವನ ನಾಲಿಗೆ ತಾನಾಗಿ ಹೊರಳಿತು. "ದಾಕ್ಷಿಣ್ಯ ಮಾಡ್ಕೋಬೇಡಿ ಅಮ್ಮಾ, ಕಣ್ಣು ನಿಮ್ಮದು. ನೀವು ಬಾಯಿಬಿಟ್ಟು ಹೇಳದಿದ್ರೆ ನನಗೆ ಹೇಗೆ ಗೊತ್ತಾಗಬೇಕು?"

ಅವಳು ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಂತಿತು.

"ಅಮ್ಮಾ ಅಂತೆ! ಗಿರಾಕಿಗಳನ್ನ ಇಷ್ಟು ಚೆನ್ನಾಗಿ ಕೇಳ್ತೀರಾ? ನನ್ನನ್ನ ಒಂದು ದಿನ ಹೀಗೆ ಬಿಡದೆ ಕೇಳಿದ್ರಾ?"

"ಎಲ್ಲಾ ನಿನ್ನಿಷ್ಟಕ್ಕೇ ಬಿಟ್ಟಿದ್ನಲ್ಲೇ."

"ಬಿಟ್ಟಿದ್ರಿ. ಅದೇ ಕಷ್ಟ ಆಗಿದ್ದು. ಆ ಸಮುದ್ರದ ಊರಿನ ಕಾಗದ ಬಂದಾಗ ಮೂರು ಸಲ ಕೇಳಿದೆ. ನಿಮಗೆ ಬರೋಕೆ ಮನಸ್ಸಿಲ್ಲ, ಬಾಯಿಬಿಟ್ಟು ಬೇಡ ಅನ್ನೋಕೂ ಸಂಕೋಚ ಅಂದ್ಕೊಂಡೆ. ಅದಕ್ಕೇ ಬರಲ್ಲ ಅಂತ ಬರೆದುಬಿಟ್ಟೆ."

ಮಾವ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿ ಇಡಲು ಹೋಗಿ ತಪ್ಪು ಗೂಡಿನಲ್ಲಿಟ್ಟ. ಮೂವತ್ತನಾಲ್ಕು ವರ್ಷದಲ್ಲಿ ಆಗದ ತಪ್ಪು.

"ನನಗೆ ಮನಸ್ಸಿತ್ತು ಕಣೇ," ಎಂದ. "ಬಂದರಿನ ಹತ್ತಿರ ಕನ್ನಡಕದ ಅಂಗಡಿ ಒಂದೂ ಇಲ್ಲ ಅಂತ ವಿಚಾರಿಸಿ ಕೂಡ ಇಟ್ಕೊಂಡಿದ್ದೆ."

ಅವಳ ಒಂದು ಕಣ್ಣನ್ನು ಪರೀಕ್ಷೆಯ ಕಪ್ಪು ಬಿಲ್ಲೆ ಮುಚ್ಚಿತ್ತು. ಇನ್ನೊಂದು ಕಣ್ಣು ಅವನನ್ನೇ ನೋಡುತ್ತಿತ್ತು. "ಅಯ್ಯೋ" ಎಂದಳು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಡುಗೆಮನೆಯ ಕಿಟಕಿ, ಅದರಾಚೆಯ ನೀರು, ಅವಳು ಬಿಡಿಸಬಹುದಾಗಿದ್ದ ಚಿತ್ರಗಳು, ಎಲ್ಲವೂ ತನ್ನ ಒಂದು 'ಹೂಂ'ಗೆ ಕಾದು ಕೈತಪ್ಪಿ ಹೋದವಲ್ಲ ಎಂದು ಅವನಿಗೆ ಹೊಳೆಯಿತು. ಒಳ್ಳೆಯವನಾಗಲು ಹೋಗಿ ಇಬ್ಬರನ್ನೂ ಕೆಡಿಸಿದ್ದ.

ಗಾಜು ಮಂಜಾಗಿತ್ತು. ಫ್ರೇಮು ತೆಗೆದು ಒರೆಸಿ ಮತ್ತೆ ಹಾಕಿದ. ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿದ. ಈ ಸಲ ಅವಳು ಬಿಡಲಿಲ್ಲ. "ಇದಲ್ಲ, ಅದಕ್ಕಿಂತ ಮುಂಚಿನದು. ಉಹೂಂ, ಇನ್ನೂ ಸ್ವಲ್ಪ" ಎಂದು ಮುಕ್ಕಾಲು ಗಂಟೆ ಸತಾಯಿಸಿದಳು. ಹೊರಗೆ ಕಾಯುತ್ತಿದ್ದ ಗಿರಾಕಿ ಗೊಣಗಿಕೊಂಡು ಎದ್ದುಹೋದ.

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು. "ನೇರ ಹೋಗೋಣ್ವಾ, ಕೆರೆ ಬಳಸಿಕೊಂಡು ಹೋಗೋಣ್ವಾ?"

'ಯಾವುದಾದ್ರೂ' ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿದ. "ಕೆರೆ ದಾರಿ," ಎಂದ. "ನನಗೆ ಯಾವತ್ತೂ ಆ ದಾರೀನೇ ಇಷ್ಟ."

ಅವಳ ಮುಖ ಅರಳಿತು. ನಾಲ್ಕು ಹೆಜ್ಜೆ ಇಟ್ಟವಳು ಗೋಡೆ ಹಿಡಿದು ನಿಂತಳು.

"ನನಗೂ ಅದೇ ಇಷ್ಟ ಕಣ್ರೀ. ಆದ್ರೆ ಈ ಮಂಡಿ ಇಟ್ಕೊಂಡು ಈಗ ಅಷ್ಟು ದೂರ ಆಗಲ್ಲ."

ಮಾವ ಅವಳ ಚೀಲ ತೆಗೆದುಕೊಂಡು ನೋವಿರುವ ಕಾಲಿನ ಕಡೆಗೆ ಬಂದು ತೋಳು ಕೊಟ್ಟ. ಇಬ್ಬರಿಗೂ ಇಷ್ಟವಿದ್ದ ದಾರಿಯನ್ನು ಬಿಟ್ಟು ಇಬ್ಬರೂ ನೇರ ದಾರಿಯಲ್ಲೇ ಮನೆಗೆ ನಡೆದರು.