ಸಣ್ಣಕ್ಷರದ ಹಟ

ತಾಂಡೂರಿನಲ್ಲಿ ವೆಬ್ ಪುಟ ಬರೆಯುವುದನ್ನು ಕಲಿಸುತ್ತಿದ್ದಾಗ ನನ್ನ ತಲೆ ತಿಂದವಳು ಯಾಲಾಲ್ ಕಡೆಯ, ಕುರಿ ಸಾಕುವ ಮನೆಯ ಹೆಣ್ಣುಮಗಳು. ಪುಟ ಹೇಗೆ ಕಾಣಬೇಕೆಂದು ಹೇಳುವ ಟ್ಯಾಗುಗಳನ್ನೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಆಫೀಸಿನ ಫಾರಂ ಎಲ್ಲಾ ಹಂಗ ತುಂಬಾಕ ಹೇಳ್ತಾರಲ್ರಿ ಸರ್" ಎನ್ನುವಳು.

ಟ್ಯಾಗು ಹೇಗಿದ್ದರೂ ಬ್ರೌಸರಿಗೆ ಒಂದೇ ಎಂದು ಗೊತ್ತಿದ್ದೂ, ಶಿಸ್ತು ಬೇಡವೇ ಎಂದು ರೇಗಿ, ಪುಟದಲ್ಲಿದ್ದ ಒಂದೊಂದನ್ನೂ ಸಣ್ಣಕ್ಷರ ಮಾಡಿಸಿದೆ. ಇಂಟರ್ನೆಟ್ಟಿಗೆ ಏರಿಸಿದ ದಿನ ಪುಟ ಬಂತು, ಅವಳ ಕುರಿಗಳ ಫೋಟೊ ಮಾತ್ರ ಬರಲಿಲ್ಲ. ಪುಟ ಇಟ್ಟಿರುವ ಸರ್ವರ್ ಕಂಪ್ಯೂಟರಿಗೆ ಫೋಟೊ ಫೈಲಿನ ಹೆಸರು ಇದ್ದ ಹಾಗೆಯೇ ಬೇಕು. ಕ್ಯಾಮೆರಾ ಅದನ್ನು ದೊಡ್ಡಕ್ಷರದಲ್ಲಿ ಉಳಿಸಿತ್ತು, ಪುಟದೊಳಗೆ ಅದು ಸಣ್ಣಕ್ಷರದಲ್ಲಿತ್ತು. ಹೆಸರು ನೋಡಿಕೊಂಡು ಬರೆಯಲು ಏನು ಕಷ್ಟ ಎಂದು ಅವಳ ಮೇಲೆಯೇ ಹರಿಹಾಯ್ದೆ.

"ನಾ ನೋಡೇ ಬರ್ದಿದ್ದೆನ್ರಿ ಸರ್," ಎಂದಳು. "ಸಣ್ಣದು ಮಾಡ್ಸಿದವ್ರು ನೀವೇರಿ."